ಎಲ್ಲರೂ ಬರುವ ಹೈಸ್ಕೂಲು

ಸರ್ಕಾರಿ ಹೈಸ್ಕೂಲಿನ ಗೇಟು ದಾಟಿ ನೀವು ಕೊನೆಯ ಸಲ ಒಳಗೆ ಹೋದದ್ದು ಯಾವಾಗ? ಅಲ್ಲಿ ಓದದವರೂ ಸ್ವಲ್ಪ ಯೋಚಿಸಿದರೆ ಉತ್ತರ ಸಿಗುತ್ತದೆ. ವೋಟು ಹಾಕಲು ಹೋಗಿರುತ್ತೀರಿ. ಇಲ್ಲವೇ ಭಾನುವಾರ ಬೆಳಿಗ್ಗೆ ಹಾಲ್‌ಟಿಕೆಟ್ ಹಿಡಿದು, ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದದ್ದಕ್ಕೆ ಗೇಟಿನಲ್ಲಿ ಬೈಸಿಕೊಂಡು, ಮೊಬೈಲನ್ನು ಎದುರಿನ ಅಂಗಡಿಯಲ್ಲಿ ಇಟ್ಟು, ಟಿಇಟಿಯನ್ನೋ ಗ್ರೂಪ್ 'ಸಿ' ಪರೀಕ್ಷೆಯನ್ನೋ ಬರೆದು ಬಂದಿರುತ್ತೀರಿ. ಎಂಟನೇ ಕ್ಲಾಸಿನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಕೂತ ನೆನಪಿದೆಯೇ? ಸೋಮವಾರ ಆ ಬೆಂಚಿಗೆ ಬರುವ ಹುಡುಗಿ ಮೊದಲು ಮಾಡುವ ಕೆಲಸ, ನಿಮ್ಮ ನೋಂದಣಿ ಸಂಖ್ಯೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುವುದು. ಅಂಟು ಮಾತ್ರ ವರ್ಷವಿಡೀ ಹಾಗೇ ಇರುತ್ತದೆ. ಅದರ ಮೇಲೆ ಇನ್ನೊಂದು ಪರೀಕ್ಷೆಯ ಚೀಟಿ ಬೀಳುತ್ತದೆ.

ಬಿ.ಇಡಿ ಮುಗಿಸಿ ಒಂದು ವರ್ಷ ನಾನು ಬೆಂಗಳೂರಿನ ಅಂಚಿನ ಇಂಥದ್ದೊಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಪೀಣ್ಯದಿಂದ ಇನ್ನೂ ಆಚೆ, ಕಾರ್ಖಾನೆಗಳ ಸಾಲು ಮುಗಿದು ಶೆಡ್ಡುಗಳೂ ಅಪಾರ್ಟ್‌ಮೆಂಟುಗಳೂ ಪಕ್ಕಪಕ್ಕದಲ್ಲಿ ಎದ್ದಿರುವ ಕಡೆ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆ 110 ಹಳ್ಳಿಗಳೂ ಬೆಂಗಳೂರಿಗೆ ಸೇರಿದವಲ್ಲ, ಅವುಗಳಲ್ಲಿ ಇದೂ ಒಂದು. ಹೈಸ್ಕೂಲು ಒಂದು ಇಂಚೂ ಜರುಗಲಿಲ್ಲ, ಸುತ್ತಲಿನ ಊರು ಮಾತ್ರ ರಾಜಧಾನಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೂ ಹೋಗಿ ಐದು ನಗರಪಾಲಿಕೆಗಳು ಬಂದವು. ನಮ್ಮ ಹೈಸ್ಕೂಲಿನ ಕಾಂಪೌಂಡಿನ ಮೇಲೆ ಇನ್ನೂ ಹಳೆಯ ಗ್ರಾಮ ಪಂಚಾಯಿತಿಯ ಹೆಸರು ಅರ್ಧಂಬರ್ಧ ಕಾಣುತ್ತದೆ.

ಆ ಒಂದು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಅಷ್ಟೊಂದು ದೊಡ್ಡ ಬಡಾವಣೆಯಲ್ಲಿ ಎಲ್ಲ ಬಗೆಯ ಜನರೂ ಕಾಲಿಡುವ ಜಾಗ ಇದೊಂದೇ. ದೇವಸ್ಥಾನಕ್ಕೆ ಎಲ್ಲರೂ ಬರುವುದಿಲ್ಲ, ಅಪಾರ್ಟ್‌ಮೆಂಟಿನ ಪಾರ್ಕಿಗೆ ಎಲ್ಲರನ್ನೂ ಬಿಡುವುದಿಲ್ಲ. ಹೈಸ್ಕೂಲಿಗೆ ಮಾತ್ರ ಎಲ್ಲರೂ ಬರುತ್ತಾರೆ, ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ಅದರ ಬಗ್ಗೆ ಏನಾದರೂ ತೀರ್ಮಾನ ಆಗಬೇಕಾದ ದಿನ ಯಾರೂ ಬರುವುದಿಲ್ಲ.

ಗೇಟಿನ ಒಳಗೆ ಬಲಗಡೆ ಒಂದು ಕಲ್ಲು ಇದೆ. ಜಾಗ ದಾನ ಕೊಟ್ಟವರ ಹೆಸರುಗಳಿವೆ. ಆಗ ಹೈಸ್ಕೂಲಿಗೆ ಮೈಲಿಗಟ್ಟಲೆ ನಡೆಯಬೇಕಿತ್ತಂತೆ, ಊರಿನ ನಾಲ್ಕು ಮನೆಯವರು ಸೇರಿ ಹೊಲ ಬಿಟ್ಟುಕೊಟ್ಟರಂತೆ. ಅವರ ಮೊಮ್ಮಕ್ಕಳು ಈಗ ಹಳದಿ ವ್ಯಾನಿನಲ್ಲಿ, ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇರುವ ಶಾಲೆಗೆ ಹೋಗುತ್ತಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಕೈಯಲ್ಲಿ ಕಾಸು ಬಂದ ಮೇಲೆ ನಮ್ಮಲ್ಲಿ ಬಹುತೇಕರ ಮನೆಗಳಲ್ಲಿ ಆದದ್ದೂ ಇದೇ ತಾನೇ? ನನ್ನ ಜೊತೆ ಪಾಠ ಮಾಡುತ್ತಿದ್ದ ಶಿಕ್ಷಕರಲ್ಲೂ ಸ್ವಂತ ಮಕ್ಕಳನ್ನು ಅಲ್ಲಿಗೇ ಸೇರಿಸಿದವರು ಇರಲಿಲ್ಲ.

ಹಾಗಾದರೆ ಬೆಂಚುಗಳಲ್ಲಿ ಕೂರುವವರು ಯಾರು? ಹಾಜರಿ ಪುಸ್ತಕ ತೆರೆದರೆ ಕರ್ನಾಟಕದ ನಕಾಶೆ ತೆರೆದ ಹಾಗೆ. ದೇವದುರ್ಗ, ಲಿಂಗಸುಗೂರು, ಸಿಂಧನೂರು, ಶಹಾಪುರ, ಸುರಪುರ. ಅಪ್ಪ ಗೌಂಡಿ, ಅಮ್ಮ ಗಾರ್ಮೆಂಟ್ಸ್. ಅನಂತಪುರದ ಕಡೆಯಿಂದ ಬಂದ ತೆಲುಗು ಮನೆಗಳವರು, ಬಿಹಾರದಿಂದ ಬಂದ ಮಷಿನ್ ಆಪರೇಟರ್‌ಗಳ ಮಕ್ಕಳು, ಅಪಾರ್ಟ್‌ಮೆಂಟ್ ಕಾಯುವ ನೇಪಾಳಿಗಳ ಮಕ್ಕಳು. ಒಂಬತ್ತನೇ ತರಗತಿಯಲ್ಲಿದ್ದ ನೇಪಾಳದ ಹುಡುಗನೊಬ್ಬ ಕನ್ನಡ ಕಲಿತದ್ದು ಪೂರ್ತಿ ರಾಯಚೂರು ಕಡೆಯ ಗೆಳೆಯರಿಂದ. "ಮಿಸ್, ಹೋಂವರ್ಕ್ ಮಾಡೀನ್ರಿ" ಎಂದು ಅವನು ಹೇಳಿದಾಗ ಮಂಡ್ಯ ಕಡೆಯ ನಮ್ಮ ಗಣಿತದ ಮೇಷ್ಟ್ರು ನಗು ತಡೆಯಲಾರದೆ ಹೊರಗೆ ಹೋಗಿದ್ದರು. ಬೆಂಗಳೂರಿನಲ್ಲಿ ಕನ್ನಡ ಉಳಿಯುತ್ತದೆಯೇ ಎಂದು ಚರ್ಚೆ ಮಾಡುವವರು ಒಂದು ದಿನ ಇಂಥ ಹೈಸ್ಕೂಲಿನ ಊಟದ ಬೆಲ್ಲಿನ ಹೊತ್ತಿಗೆ ಬಂದು ನಿಂತು ಕೇಳಬೇಕು. ನಾಲ್ಕು ಮನೆಮಾತಿನ ಮಕ್ಕಳು ಕನ್ನಡದಲ್ಲೇ ಜಗಳ ಆಡುತ್ತಿರುತ್ತಾರೆ!

ಊಟದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೇಂದ್ರದ ಬಿಸಿಯೂಟ ಯೋಜನೆ ಇರುವುದು ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತನೇ ತರಗತಿಯವರ ಊಟದ ಖರ್ಚು ನಮ್ಮ ರಾಜ್ಯ ಸರ್ಕಾರದ್ದು. 2013ರಲ್ಲಿ ಹಾಲು ಬಂತು, 2023ರಲ್ಲಿ ಈ ದೊಡ್ಡ ಮಕ್ಕಳಿಗೂ ಮೊಟ್ಟೆ ಬಂತು. ಹದಿನೈದು ವರ್ಷದ ಹುಡುಗರಿಗೆ ಊಟದ ಸಾಲಿನಲ್ಲಿ ನಿಲ್ಲಲು ನಾಚಿಕೆ ಆಗುತ್ತದೆ ಎಂದು ನಾನು ಕೇಳಿದ್ದೆ. ನಮ್ಮಲ್ಲಿ ಹಾಗೇನೂ ಕಾಣಲಿಲ್ಲ. ಅಮ್ಮ ಏಳು ಗಂಟೆಗೇ ಗಾರ್ಮೆಂಟ್ಸ್ ಬಸ್ಸು ಹತ್ತುವ ಮನೆಯಲ್ಲಿ ಮಧ್ಯಾಹ್ನದ ಡಬ್ಬಿ ಕಟ್ಟುವವರು ಯಾರು? ಸೋಮವಾರ ಸಾಲು ಉದ್ದ ಇರುತ್ತಿತ್ತು. ಭಾನುವಾರ ಮನೆಯಲ್ಲಿ ಏನು ನಡೆದಿತ್ತು ಎಂದು ಕೇಳುವ ಅಗತ್ಯ ಬೀಳುತ್ತಿರಲಿಲ್ಲ.

ಇನ್ನು ಉದ್ಯೋಗ ಹುಡುಕುತ್ತಿರುವವರು ಗಮನವಿಟ್ಟು ಓದಬೇಕಾದ ವಿಷಯ. ಯಾವುದಾದರೂ ನೇಮಕಾತಿಯ ಅಧಿಸೂಚನೆ ಬಿತ್ತೆಂದರೆ, ಆ ವಾರ ಹೆಡ್‌ಮಾಸ್ಟರ್ ಕೋಣೆಯ ಮುಂದೆ ಹಳೆಯ ವಿದ್ಯಾರ್ಥಿಗಳ ಸಾಲು. ಗ್ರಾಮೀಣ ಅಭ್ಯರ್ಥಿ ಎಂಬ ಪ್ರಮಾಣಪತ್ರಕ್ಕೆ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ, ವ್ಯಾಸಂಗ ಪ್ರಮಾಣಪತ್ರಕ್ಕೆ. ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಎಂಬುದು ನಿಮಗೆಲ್ಲ ಬಾಯಿಪಾಠ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಹಾಗೆ ಓದಿರಬೇಕು.

ಈಗ ನಮ್ಮ ಹೈಸ್ಕೂಲಿನ ಕಥೆ ನೋಡಿ. ಊರು ಪಂಚಾಯಿತಿಯಲ್ಲಿದ್ದಾಗ ಹತ್ತನೇ ತರಗತಿ ಮುಗಿಸಿದ ಅಣ್ಣ ಗ್ರಾಮೀಣ ಅಭ್ಯರ್ಥಿ. ಅದೇ ಕೋಣೆಯಲ್ಲಿ, ಅದೇ ಮೇಷ್ಟ್ರ ಹತ್ತಿರ, ಕೆಲವು ವರ್ಷ ತಡವಾಗಿ ಓದಿದ ತಮ್ಮ ನಗರದ ಅಭ್ಯರ್ಥಿ. ತಮ್ಮ ಓದುವಾಗ ಕೋಣೆಯ ಸೂರಿನಿಂದ ನೀರು ಸೋರುವುದು ನಿಂತಿತ್ತೇ ಎಂದರೆ ಅದೂ ಇಲ್ಲ. ಅದಾದರೂ ಗಡಿ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು ಎಂದುಕೊಂಡು ಒಪ್ಪಿಕೊಳ್ಳಬಹುದು. ಒಪ್ಪಿಕೊಳ್ಳಲು ಕಷ್ಟವಾಗುವುದು ವಲಸೆ ಬಂದ ಮಕ್ಕಳ ವಿಷಯ. ಏಳನೇ ತರಗತಿವರೆಗೆ ದೇವದುರ್ಗದ ಹಳ್ಳಿಯಲ್ಲಿ ಓದಿದ ಹುಡುಗಿ ಎಂಟನೇ ತರಗತಿಗೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿ ಇರುತ್ತಾಳೆ. ಮೂರು ವರ್ಷ ಇಲ್ಲಿ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ ಹೋಯಿತು. ಅವಳ ಅಪ್ಪನಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ, ಹೇಳಿದ್ದರೂ ಬಿಟ್ಟು ಬರಲು ಊರಿನಲ್ಲಿ ಯಾರಿದ್ದಾರೆ? 371ಜೆ ಪ್ರಮಾಣಪತ್ರದ ದಾರಿ ಬೇರೆ. ಅದಕ್ಕೆ ಊರಿನ ಕಡೆಯ ಉಪವಿಭಾಗಾಧಿಕಾರಿ ಕಚೇರಿಗೇ ಓಡಬೇಕು.

ಕನ್ನಡ ಮಾಧ್ಯಮದ ಐದು ಪರ್ಸೆಂಟ್ ಆದರೂ ಉಳಿಯುತ್ತದೆ, ಇಂಗ್ಲಿಷ್ ಮೀಡಿಯಂ ಸೆಕ್ಷನ್‌ಗೆ ಹೋಗದಿದ್ದರೆ. ಇದನ್ನು ನಾನು ಹತ್ತನೇ ತರಗತಿಯಲ್ಲಿ ಒಂದು ದಿನ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಅದು ಎಂಟನೇ ಕ್ಲಾಸಿಗೆ ಸೇರುವಾಗ ಹೇಳಬೇಕಿತ್ತು" ಅಂದ. ಸರಿಯಾಗೇ ಹೇಳಿದ. ಎಂಟನೇ ತರಗತಿಯ ದಾಖಲಾತಿ ದಿನ ಈ ಮೂರು ಪ್ರಮಾಣಪತ್ರಗಳ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಪೋಷಕರ ಕೈಗೆ ಕೊಟ್ಟರೆ ಯಾವ ಖರ್ಚೂ ಇಲ್ಲ. ಈ ಲೇಖನ ಓದುವ ಶಿಕ್ಷಕರು ಯಾರಾದರೂ ಇದ್ದರೆ ಅಷ್ಟು ಮಾಡಿ.

ಹೈಸ್ಕೂಲಿನ ಗೋಡೆಯ ಮೇಲೆ ಮತಗಟ್ಟೆಯ ಸಂಖ್ಯೆ ವರ್ಷವಿಡೀ ಇರುತ್ತದೆ. 9ನೇ 'ಬಿ' ಎಂಬ ಫಲಕಕ್ಕಿಂತ ಅದೇ ದೊಡ್ಡದು. ಶಿಕ್ಷಕರಲ್ಲಿ ಕೆಲವರು ಬಿಎಲ್‌ಒಗಳು, ಪಾಠದ ನಡುವೆ ಮತದಾರರ ಪಟ್ಟಿ. 2020ರಲ್ಲಿ ಶಾಲೆಗಳು ಬಾಗಿಲು ಹಾಕಿಕೊಂಡಿದ್ದ ಹೊತ್ತಿಗೆ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು, 8 ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಅದೇ ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಾಗ ಶಾಲೆಯೇ ಎದ್ದು ಮಕ್ಕಳ ಹತ್ತಿರ ಹೋಯಿತು. ದೇವಸ್ಥಾನದ ಜಗಲಿ, ಮರದ ನೆರಳು, ನಮ್ಮ ಕಡೆ ಶೆಡ್ಡುಗಳ ನಡುವಿನ ಖಾಲಿ ಸೈಟು. ಸೋಂಕು ಹರಡಿತೆಂದು ಅಕ್ಟೋಬರಿನಲ್ಲಿ ಅದು ನಿಂತಿತು. ನಮ್ಮ ಹಿರಿಯ ಶಿಕ್ಷಕಿಯೊಬ್ಬರು ಹೇಳುತ್ತಿದ್ದರು, "ಮಕ್ಕಳ ಮನೆ ಎಂಥದ್ದು ಅಂತ ನಾನು ಮೊದಲು ನೋಡಿದ್ದೇ ಆವಾಗ ಕಣಮ್ಮ. ಹತ್ತಡಿ ಶೀಟಿನ ಕೋಣೆ, ಐದು ಜನ. ಹೋಂವರ್ಕ್ ಮಾಡಿಲ್ಲ ಅಂತ ಆಮೇಲೆ ಯಾರನ್ನೂ ನಿಲ್ಲಿಸಿಲ್ಲ." 2022ರ ಜನವರಿಯಲ್ಲಿ 15ರಿಂದ 18 ವರ್ಷದವರಿಗೆ ಲಸಿಕೆ ಶುರುವಾದಾಗಲೂ ಹೈಸ್ಕೂಲಿನ ಕೋಣೆಗಳೇ ಬೇಕಾದವು. 2025ರ ದಸರಾ ಹೊತ್ತಿಗೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಅಲೆದರು, ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯಿತು. ಶೆಡ್ಡಿನವರು ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟರೆ, ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸಿದರು ಎಂದು ಆಗ ಸಮೀಕ್ಷೆಗೆ ಹೋಗಿದ್ದ ಗೆಳತಿಯೊಬ್ಬಳು ಹೇಳಿದಳು. ಆ ಸೆಕ್ಯುರಿಟಿಯವರ ಮಕ್ಕಳು ಓದುವುದೂ ಇಂಥದ್ದೇ ಹೈಸ್ಕೂಲಿನಲ್ಲಿ!

ಇಷ್ಟೆಲ್ಲ ಕೆಲಸಕ್ಕೆ ಬರುವ ಸಂಸ್ಥೆಯ ಪರವಾಗಿ ಮಾತನಾಡಬೇಕಾದದ್ದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ವ್ಯವಸ್ಥೆ ಇದು. ಶಾಲೆಯ ಮೇಲೆ ಪೋಷಕರಿಗೆ ಅಧಿಕಾರ ಇರಬೇಕೆಂಬುದು ಅದರ ಹಿಂದಿನ ವಿಚಾರ. ಒಳ್ಳೆಯ ವಿಚಾರವೇ. ಆದರೆ ನಮ್ಮ ಹೈಸ್ಕೂಲಿನ ಪೋಷಕರೆಂದರೆ ದಿನಗೂಲಿಯವರು. ಸಭೆ ಇಡುವುದು ಕೆಲಸದ ದಿನ, ಹಗಲು ಹನ್ನೊಂದಕ್ಕೆ. ಒಬ್ಬ ತಂದೆಯನ್ನು ನಾನೇ ಫೋನು ಮಾಡಿ ಕರೆದಿದ್ದೆ. "ಬರ್ತೀನ್ರಿ ಮೇಡಂ, ಆದ್ರ ಒಂದಿನ ಬಿಟ್ರ ಎಂಟುನೂರು ಹೋತ್ರಿ" ಅಂದರು. ಆಮೇಲೆ ಕರೆಯಲು ನನಗೆ ಬಾಯಿ ಬರಲಿಲ್ಲ. ಅವರಲ್ಲಿ ಹೆಚ್ಚಿನವರ ವೋಟು ಇನ್ನೂ ಊರಿನಲ್ಲೇ ಇದೆ. ಇಲ್ಲಿನ ರಾಜಕಾರಣಿಗೆ ಅವರು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವವರ ಮಕ್ಕಳು ಇಲ್ಲಿ ಓದುವುದಿಲ್ಲ.

ಇದರ ಪರಿಣಾಮ ಏನೆಂದು ನಾನು ಕಣ್ಣಾರೆ ನೋಡಿದ್ದು ಮೈದಾನದ ವಿಷಯದಲ್ಲಿ.

ನಮ್ಮ ಹೈಸ್ಕೂಲಿಗೆ ಕೋಣೆ ಕಡಿಮೆ, ಮೈದಾನ ದೊಡ್ಡದು. ಬೆಳಿಗ್ಗೆ ಐದೂವರೆಗೆ ಶುಗರ್ ಬಂದವರ ನಡಿಗೆ. ಸಂಜೆ ವಾಲಿಬಾಲ್. ಈ ಎರಡರ ನಡುವೆ ಮಕ್ಕಳಿಗೂ ಸ್ವಲ್ಪ ಸಿಗುತ್ತದೆ. ಆದರೆ ಮೈದಾನವನ್ನು ನಿಜವಾಗಿ ಅಳೆದು ತೂಗಿ ಬಲ್ಲವರು ಪೊಲೀಸ್ ಕಾನ್‌ಸ್ಟೆಬಲ್ ಆಗಲು ಹೊರಟ ಹುಡುಗ ಹುಡುಗಿಯರು. ನಾನು ಹೋಗುವ ಹೊತ್ತಿಗೆ ಹನ್ನೆರಡು ಹದಿಮೂರು ಮಂದಿ ಇದ್ದರು, ಅರ್ಧಕ್ಕರ್ಧ ಅದೇ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು. ಹಗಲು ಡೆಲಿವರಿ ಕೆಲಸ, ಬೆಳಿಗ್ಗೆ ಓಟ. ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ. ಮೈದಾನದ ಒಂದು ಸುತ್ತು 180 ಮೀಟರ್ ಎಂದು ಅವರು ಟೇಪು ಹಿಡಿದು ಅಳೆದಿಟ್ಟಿದ್ದರು. ಹಾಗಾಗಿ 1,600 ಎಂದರೆ ಹೆಚ್ಚುಕಡಿಮೆ ಒಂಬತ್ತು ಸುತ್ತು. ಸುಣ್ಣದ ಗೆರೆ ಎಳೆಯುವ ಕೆಲಸ ಪಾಳಿಯ ಮೇಲೆ. ದೈಹಿಕ ಶಿಕ್ಷಕರ ಹುದ್ದೆ ನಮ್ಮಲ್ಲಿ ಖಾಲಿ ಇತ್ತು. ಅವರ ಪೈಕಿ ಒಬ್ಬ ಕ್ರೀಡಾಕೂಟದ ಮುಂಚಿನ ಒಂದು ತಿಂಗಳು ನಮ್ಮ ಹೆಣ್ಣುಮಕ್ಕಳಿಗೆ ಖೋಖೋ ಕಲಿಸಿದ. ಒಂದು ರೂಪಾಯಿ ಕೇಳಲಿಲ್ಲ.

ಡಿಸೆಂಬರಿನಲ್ಲಿ ಒಂದು ಕಚೇರಿಯವರು ಬಂದು ಮೈದಾನದ ಮೂಲೆಯಲ್ಲಿ ನಾಲ್ಕು ಗೂಟ ಹೊಡೆದು ಹೋದರು. ನೀರಿನ ದೊಡ್ಡ ಟ್ಯಾಂಕ್ ಕಟ್ಟಲು ಜಾಗ ಬೇಕಂತೆ. ಇಲ್ಲಿ ಒಂದು ಮಾತು ಹೇಳಲೇಬೇಕು: ನೀರು ಬೇಡವೆನ್ನುವ ಸ್ಥಿತಿಯಲ್ಲಿ ನಾವು ಯಾರೂ ಇರಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಮಕ್ಕಳು ಮನೆಯಿಂದ ಬಾಟಲಿ ತರುತ್ತಿದ್ದರಂತೆ, ಶೌಚಾಲಯಕ್ಕೆ ನೀರಿಲ್ಲದೆ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಹೋಗುತ್ತಿದ್ದರಂತೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದೇ ನಮ್ಮಂಥ 110 ಹಳ್ಳಿಗಳಿಗಾಗಿ. ನೀರು ಬಂದರೆ ಅದನ್ನು ನಿಲ್ಲಿಸಲು ಟ್ಯಾಂಕ್ ಬೇಕು, ಟ್ಯಾಂಕಿಗೆ ಜಾಗ ಬೇಕು. ಆದರೆ ಅಷ್ಟು ದೊಡ್ಡ ಬಡಾವಣೆಯಲ್ಲಿ ಸರ್ಕಾರದ ಖಾಲಿ ಜಾಗ ಎಂದರೆ ಹೈಸ್ಕೂಲಿನ ಮೈದಾನ ಮಾತ್ರವೇ? ಬಡಾವಣೆಯ ನಕ್ಷೆಯಲ್ಲಿ ಸಾರ್ವಜನಿಕ ಉಪಯೋಗಕ್ಕೆ ಎಂದು ಬಿಟ್ಟ ಜಾಗಗಳಲ್ಲಿ ಈಗ ಏನೇನಿವೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೈದಾನದ ಮೂಲೆಯನ್ನು ಕೇಳಿದರೆ ಜಗಳಕ್ಕೆ ಬರುವವರು ಯಾರೂ ಇಲ್ಲ ಎಂಬ ಧೈರ್ಯದಿಂದಲೇ ಗೂಟ ಅಲ್ಲಿ ಬಿತ್ತು ಎಂಬುದು ನನ್ನ ಅನುಮಾನ.

ಎಸ್‌ಡಿಎಂಸಿ ಸಭೆ ಕರೆದರು. ಬಂದವರು ಐದು ಜನ. ಹೆಡ್‌ಮಾಸ್ಟರಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ, ಅವರು ಸುಮ್ಮನಿದ್ದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಮಾತನಾಡಿದ್ದು ಸಮಿತಿಯಲ್ಲಿ ಇಲ್ಲದವರು. ಓಡುವ ಹುಡುಗರು ಆರೇಳು ಜನ ಬಂದು ಬಾಗಿಲ ಹತ್ತಿರ ನಿಂತಿದ್ದರು. ಒಬ್ಬಳು ಕೈಯಲ್ಲಿ ಹಾಳೆ ಹಿಡಿದಿದ್ದಳು, ಬಿ.ಕಾಂ. ಮುಗಿಸಿ ಎರಡನೇ ಸಲ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದವಳು. ಮೈದಾನದ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಮೂಲೆ ಹೋದರೆ ಸುತ್ತು 140 ಮೀಟರ್ ಆಗುತ್ತದೆ, ಖೋಖೋ ಅಂಕಣ ಅಡ್ಡಬೀಳುತ್ತದೆ, ವಾಲಿಬಾಲ್ ಕಂಬ ಕೋಣೆಯ ಕಿಟಕಿಗೆ ಹತ್ತಿರವಾಗುತ್ತದೆ. ಹಿಂಬದಿಯಲ್ಲಿ ಬಿದ್ದುಹೋದ ಹಳೆಯ ಎರಡು ಕೋಣೆಗಳ ಜಾಗವಿದೆ, ಟ್ಯಾಂಕನ್ನು ಅಲ್ಲಿ ಕಟ್ಟಬಹುದಲ್ಲ ಎಂದು ತೋರಿಸಿದಳು. ಕೂಗಾಡಲಿಲ್ಲ. "ಸರ್, ನಾವೂ ಈ ಸ್ಕೂಲಿನವರೇ" ಎಂದಷ್ಟೇ ಹೇಳಿ ಹಾಳೆಯನ್ನು ಟೇಬಲ್ ಮೇಲಿಟ್ಟಳು. ಅದನ್ನೇ ಮನವಿಯ ಜೊತೆ ಸೇರಿಸಿ, ಬೆಳಗಿನ ನಡಿಗೆಯವರ ಸಹಿ ಹಾಕಿಸಿ ಕಳಿಸಿದರು. ನಡಿಗೆಯವರಲ್ಲಿ ಕಲ್ಲಿನ ಮೇಲೆ ಹೆಸರಿರುವ ಮನೆಯ ಹಿರಿಯರೂ ಒಬ್ಬರಿದ್ದರು. ಅವರ ಸಹಿ ಮೊದಲನೆಯದು.

ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಿ ಎಂದು 'ನಮ್ಮ ಶಾಲೆ ನಮ್ಮ ಜವಾಬ್ದಾರಿ' ಕಾರ್ಯಕ್ರಮದಲ್ಲಿ ಸರ್ಕಾರವೇ ಹೇಳುತ್ತದೆ. ಹಾಗೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕದಿಂದ ಬಂದು ಸ್ಮಾರ್ಟ್ ಬೋರ್ಡ್ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಹಳೆಯ ವಿದ್ಯಾರ್ಥಿ. ಬರಲಿ, ಬೇಡ ಎಂದವರಾರು? ಆದರೆ ಪೋಷಕರು ಎಂಟುನೂರು ರೂಪಾಯಿ ಬಿಟ್ಟು ಬರಲಾಗದ ಸಭೆಗೆ ಹೋಗಿ ಕೂರಲು, ನಕ್ಷೆ ಅಳೆಯಲು, ಅರ್ಜಿ ಬರೆಯಲು ಬೇಕಾದವರು ಅದೇ ಬಡಾವಣೆಯಲ್ಲಿ ಇದ್ದಾರೆ. ಡಿಗ್ರಿ ಮುಗಿಸಿ ಅಧಿಸೂಚನೆಗೆ ಕಾಯುತ್ತಿರುವವರು. ಬೆಳಿಗ್ಗೆ ಅಲ್ಲೇ ಓಡುತ್ತಾರೆ, ಭಾನುವಾರ ಅಲ್ಲೇ ಪರೀಕ್ಷೆ ಬರೆಯುತ್ತಾರೆ, ಪ್ರಮಾಣಪತ್ರಕ್ಕೆ ಅಲ್ಲಿಗೇ ಬರುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕಬೇಕು, ಪಂಚಾಯಿತಿ ಯಾವಾಗ ಪಾಲಿಕೆ ಆಯಿತು ಎಂಬುದೆಲ್ಲ ಸಾಮಾನ್ಯ ಜ್ಞಾನ ಪತ್ರಿಕೆಗಾಗಿ ಓದಿಕೊಂಡೇ ಇರುತ್ತಾರೆ. ಓದಿದ್ದು ಒಂದು ಕಡೆಯಾದರೂ ಉಪಯೋಗಕ್ಕೆ ಬರಲಿ!

ನನ್ನ ಅವಧಿ ಶೈಕ್ಷಣಿಕ ವರ್ಷದ ಜೊತೆಗೇ ಮುಗಿಯಿತು. ಅತಿಥಿ ಎಂದ ಮೇಲೆ ಹೋಗಲೇಬೇಕು. ಹೈಸ್ಕೂಲು ಅತಿಥಿ ಶಿಕ್ಷಕರ ಗೌರವಧನವನ್ನು 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ್ದಾರೆ, ಕೈಗೆ ಬರುವ ತಾರೀಖು ಮಾತ್ರ ಇನ್ನೂ ಊಹೆಗೆ ಬಿಟ್ಟದ್ದು. ನಾನೀಗ ಟಿಇಟಿ ಪಾಸಾಗಿ ನೇಮಕಾತಿಗೆ ಕಾಯುತ್ತಿರುವವರ ಸಾಲಿನಲ್ಲಿದ್ದೇನೆ. ಹೋದ ತಿಂಗಳು ಅನುಭವದ ಪ್ರಮಾಣಪತ್ರಕ್ಕೆಂದು ಹೈಸ್ಕೂಲಿಗೆ ಹೋಗಿದ್ದೆ. ಮನವಿಗೆ ಉತ್ತರ ಬಂದಿಲ್ಲ, ಟ್ಯಾಂಕಿನ ಕೆಲಸವೂ ಶುರುವಾಗಿಲ್ಲ. ನಕ್ಷೆ ಬರೆದ ಹುಡುಗಿ ಈಗ ಬೆಳಿಗ್ಗೆ ಓಡಿದ ಮೇಲೆ ಒಂದು ಗಂಟೆ ಹತ್ತನೇ ತರಗತಿಯ ನಾಲ್ಕು ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಕಟ್ಟೆಯ ಮೇಲೆ ಕೂರಿಸಿಕೊಂಡು. ನಾಲ್ಕು ಗೂಟಗಳಲ್ಲಿ ಒಂದನ್ನು ಯಾರೋ ಕಿತ್ತಿದ್ದಾರೆ, ಉಳಿದ ಮೂರು ಹಾಗೇ ಇವೆ. ಓಡುವವರು ಅವುಗಳ ಹೊರಗಿನಿಂದಲೇ ಸುಣ್ಣದ ಗೆರೆ ಎಳೆದುಕೊಂಡಿದ್ದಾರೆ, ಸುತ್ತು 180 ಮೀಟರ್ ಇರಬೇಕಲ್ಲ ಎಂದು.